ಕೈ ಮಗುಚಿ ಮುಟ್ಟುವ ಬಾಗಿಲು

ಗುಂಡ್ಲುಪೇಟೆ
11 ಮಾರ್ಚ್ 2025

ತಮ್ಮ ರವಿಕುಮಾರನಿಗೆ,

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿರುವುದು ಗೊತ್ತಾಯಿತು. ಪಕ್ಕದ ಮನೆಯ ರಾಚಯ್ಯನ ಫೋನಿನಿಂದ ಮಾಡಿದರೆ ಎತ್ತಿದೆ, ನನ್ನ ದನಿ ಕೇಳಿದ ಕೂಡಲೇ ಇಟ್ಟೆ. ಅದಕ್ಕೇ ಕಾಗದ. ಇದನ್ನು ಬ್ಲಾಕ್ ಮಾಡುವ ಬಟನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಮನೆಗೆ ಬರೆದರೆ ನಿನ್ನ ಹೆಂಡತಿ ಅನು ಕೈಗೆ ಸಿಕ್ಕಿ ಮತ್ತೊಂದು ರಾದ್ಧಾಂತವಾದೀತೆಂದು ಚಾಮರಾಜನಗರದ ನಿನ್ನ ಕರೆಂಟ್ ಆಫೀಸಿಗೇ ಹಾಕುತ್ತಿದ್ದೇನೆ.

ಎಲ್ಲರೂ ಕ್ಷೇಮವೆಂದು ಮೊದಲು ಬರೆಯುವುದು ವಾಡಿಕೆ. ನಾನು ಬರೆಯುವುದಿಲ್ಲ.

ನಿನ್ನ ಗೃಹಪ್ರವೇಶದ ದಿನ ನಾನು ಆಡಿದ್ದು ಒಂದೇ ಮಾತು. ನಿನ್ನ ಮಾವ ಗುರುಮಲ್ಲಯ್ಯನವರು "ನಿಮ್ಮ ತಂದೆಯವರದು ಈರುಳ್ಳಿ ವ್ಯಾಪಾರವಂತಲ್ಲ, ದೊಡ್ಡ ಮಂಡಿಯೋ ಚಿಕ್ಕದೋ?" ಎಂದು ಕೇಳಿದರು. "ವ್ಯಾಪಾರ ಅಲ್ಲ ಸ್ವಾಮಿ, ಮೂಟೆ ಹೊರ್ತಿದ್ದ" ಎಂದೆ. ಅದಕ್ಕೆ ನೀನು ನನ್ನನ್ನು ಅಡುಗೆಮನೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಉಣ್ಣದೆ ಬಂದೆ. ಅದು ಹಾಳಾಗಲಿ, ಈಗ ಬರೆಯುತ್ತಿರುವುದು ಅದಕ್ಕಲ್ಲ.

ನಮ್ಮ ಬೀದಿ ನಿನಗೆ ಮರೆತಿರಲಾರದು. ಈರುಳ್ಳಿ ಮಂಡಿಯ ಹಿಂದೆ, ಕೊಳೆತದ್ದನ್ನು ಸುರಿಯುವ ಗುಂಡಿಯ ಪಕ್ಕ, ಅದೇ ತಗಡಿನ ಮನೆಗಳು. ಶಾಮಿಯಾನ ಅಂಗಡಿಯ ಬೆಟ್ಟಯ್ಯ ಈಗಲೂ ಮಂಡಿಯ ಕಂಬಕ್ಕೆ ಕೊಕ್ಕೆ ಹಾಕಿ ಎಲ್ಲರ ಮನೆಗೂ ಕರೆಂಟ್ ಹಂಚುತ್ತಾನೆ. ಮದುವೆಗೆ ಬಾಡಿಗೆ ಕೊಟ್ಟು ಕೊಟ್ಟು ಸವೆದ ಸೀರಿಯಲ್ ಲೈಟಿನ ವೈರುಗಳೆಲ್ಲ ನಮ್ಮ ತಗಡಿನ ಮೇಲೆ ಹರಿದಾಡುತ್ತಿವೆ. ಮೀಟರ್ ಇದ್ದವರಿಗೆ ಸರ್ಕಾರ ಬಿಲ್ಲೇ ಬೇಡ ಅನ್ನುತ್ತಿದೆ. ಮೀಟರ್ ಇಲ್ಲದ ನಾವು ವಾರ ವಾರ ಬೆಟ್ಟಯ್ಯನ ಕೈಗೆ ಕೊಡಬೇಕು. ಒಂದು ವಾರ ತಪ್ಪಿದರೆ ವೈರು ಕಿತ್ತುಕೊಂಡು ಹೋಗುತ್ತಾನೆ, ಜೊತೆಗೆ ಮನೆಯ ಹೆಂಗಸರಿಗೆ ನಾಲ್ಕು ಮಾತು ಉಗಿದು ಹೋಗುತ್ತಾನೆ.

ತಗಡು ಈಗಲೂ ಜುಮ್ಮೆನ್ನುತ್ತದೆ. ಈಗಲೂ ನಾವು ಹೊರಗಿನಿಂದ ಬಂದರೆ ಬಾಗಿಲನ್ನು ಮೊದಲು ಕೈ ಮಗುಚಿ, ಬೆರಳ ಹಿಂಬದಿಯಿಂದ ಮುಟ್ಟಿ ನೋಡಿಯೇ ತಳ್ಳುವುದು. ಅಂಗೈಯಲ್ಲಿ ಹಿಡಿದರೆ ಕರೆಂಟು ಬಿಡುವುದಿಲ್ಲವೆಂದು ಅವ್ವ ನಮಗೆ ಹೊಡೆದು ಕಲಿಸಿದ್ದಳಲ್ಲ. ನನ್ನ ಅಂಗನವಾಡಿಗೆ ಬರುವ ಮಕ್ಕಳು ಸ್ಲೇಟು ಹಿಡಿಯುವ ಮೊದಲು ಇದನ್ನು ಕಲಿತಿರುತ್ತವೆ. ಇದನ್ನು ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಹೇಸಿಗೆಯಾಗುತ್ತದೆ.

ಹಕ್ಕುಪತ್ರ ಇಲ್ಲದ ಮನೆಗೂ ಮೀಟರ್ ಹಾಕಿಕೊಡುವ ಯೋಜನೆ ಬಂದಿದೆಯಂತೆ. ಯಾರನ್ನು ಕೇಳಬೇಕು, ಏನೇನು ಕೊಡಬೇಕು, ಬರೆದು ತಿಳಿಸು. ಮಳೆ ಹಿಡಿಯುವ ಮೊದಲು ಆಗಬೇಕು. ಸಾಧ್ಯವಾದರೆ ಒಂದು ಸಲ ಬಂದು ಹೋಗು. ಅವ್ವ ದಿನಾ ಕೇಳುತ್ತಾಳೆ.

ಇಂತಿ,
ನಿನ್ನ ಅಕ್ಕ
ಚಿಕ್ಕಮಲ್ಲಮ್ಮ


ಚಾಮರಾಜನಗರ
20 ಮಾರ್ಚ್ 2025

ಅಕ್ಕನಿಗೆ,

ದಯವಿಟ್ಟು ಆಫೀಸಿಗೆ ಬರೆಯಬೇಡ. ಇಲ್ಲಿ ಬರುವ ಪ್ರತಿಯೊಂದು ಕವರನ್ನೂ ಟಪಾಲು ನೋಡುವವನು ಒಡೆದು, ಮೋಹರು ಹಾಕಿ, ನಂಬರು ಕೊಟ್ಟು ಒಳಗೆ ಕಳಿಸುತ್ತಾನೆ. ನಿನ್ನ ಕವರಿನ ಅಂಚು ಹರಿದು ಮೊದಲ ಸಾಲಿಗೆ ಕಣ್ಣು ಹಾಕುವಷ್ಟರಲ್ಲಿ ನಾನು ಕಿತ್ತುಕೊಂಡೆ. ಅವನು ಆಮೇಲೆ ಇಡೀ ದಿನ ನನ್ನನ್ನು ನೋಡಿ ನಗುತ್ತಿದ್ದ.

ನೀನು ಕೇಳಿದ್ದಕ್ಕೆ ಉತ್ತರ: ಅರ್ಜಿಯನ್ನು ಗುಂಡ್ಲುಪೇಟೆಯ ಆಫೀಸಿನಲ್ಲೇ ಕೊಡಬೇಕು. ಆಧಾರ್, ರೇಷನ್ ಕಾರ್ಡು, ಅಲ್ಲಿ ವಾಸವಿರುವುದಕ್ಕೆ ಪುರಸಭೆಯ ದೃಢೀಕರಣ. ವೈರಿಂಗನ್ನು ಅವರ ಕಾಂಟ್ರಾಕ್ಟರೇ ಮಾಡಿ, ನೆಲಕ್ಕೆ ಅರ್ತಿಂಗ್ ಇಳಿಸಿಕೊಡುತ್ತಾನೆ. ಆಮೇಲೆ ತಗಡು ಮುಟ್ಟಿದರೆ ಏನೂ ಆಗುವುದಿಲ್ಲ.

ಆದರೆ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಆ ಜನಕ್ಕೆ ಮೀಟರ್ ಬೇಕಿಲ್ಲ. ನಾನೂ ಅಲ್ಲೇ ಬೆಳೆದವನು. ಅರ್ಜಿಗೆ ಸಹಿ ಹಾಕಿಸಿಕೊಂಡು ನೀನು ಬೀದಿ ಸುತ್ತಬೇಕು, ಅವರು ಬೆಟ್ಟಯ್ಯನ ಜಗಲಿಯಲ್ಲಿ ಬೀಡಿ ಸೇದುತ್ತ ನಿನ್ನನ್ನು ಆಡಿಕೊಳ್ಳಬೇಕು. ನನಗೆ ಆ ಬೀದಿ ನೆನಸಿಕೊಂಡರೆ ಇವತ್ತಿಗೂ ಕೊಳೆತ ಈರುಳ್ಳಿಯ ವಾಸನೆ ಮೂಗಿಗೆ ಬಂದು ಊಟ ಸೇರುವುದಿಲ್ಲ. ಇಲ್ಲಿ ಅಡುಗೆಗೆ ಈರುಳ್ಳಿ ಹೆಚ್ಚುವಾಗ ನಾನು ಹೊರಗೆ ಹೋಗಿ ನಿಲ್ಲುತ್ತೇನೆ. ಅನು ತಮಾಷೆ ಮಾಡುತ್ತಾಳೆ, ಈರುಳ್ಳಿ ವ್ಯಾಪಾರಿ ಮಗ ಈರುಳ್ಳಿಗೆ ಹೆದರ್ತಾನೆ ಅಂತ.

ಅವ್ವನನ್ನು ನೋಡಿಕೋ.

ರವಿಕುಮಾರ


ಗುಂಡ್ಲುಪೇಟೆ
6 ಮೇ 2025

ರವಿ,

ಆಫೀಸಿಗೇ ಬರೆಯುತ್ತಿದ್ದೇನೆ. ಕವರಿನ ಮೇಲೆ ದಪ್ಪಕ್ಷರದಲ್ಲಿ "ಖಾಸಗಿ" ಎಂದು ಬರೆದಿದ್ದೇನೆ, ಅಷ್ಟು ಮರ್ಯಾದೆ ಸಾಕು.

ಈರುಳ್ಳಿ ವ್ಯಾಪಾರಿಯ ಮಗನೇ, ನೀನು ಬರೆದುಕೊಟ್ಟ ಕಾಗದಪತ್ರದಲ್ಲಿ ಪುರಸಭೆಯದೊಂದು ಬಿಟ್ಟು ಎಲ್ಲ ಜೋಡಿಸಿದೆ. ಆಮೇಲೆ ಶುರುವಾಯಿತು ನೋಡು ಉರುಳುಸೇವೆ. ಪುರಸಭೆಗೆ ಹೋದರೆ, ನಿಮ್ಮ ಬೀದಿ ನಮ್ಮ ನಕ್ಷೆಯಲ್ಲಿಲ್ಲ, ಮಂಡಿಯವರನ್ನು ಕೇಳಿ ಎಂದರು. ಮಂಡಿಯವರು, ಜಾಗ ನಮ್ಮದು, ಮನುಷ್ಯರು ನಮ್ಮವರಲ್ಲ, ಪುರಸಭೆಗೆ ಹೋಗಿ ಎಂದರು. ಕರೆಂಟ್ ಆಫೀಸಿನಲ್ಲಿ ಒಬ್ಬ ಪುಣ್ಯಾತ್ಮ ಊಟದ ಡಬ್ಬಿ ಮುಚ್ಚುತ್ತ, "ನಿಮಗೆ ಹೆಂಗೂ ಕರೆಂಟ್ ಬರ್ತಾ ಐತಲ್ಲಮ್ಮ, ಇನ್ನೇನು?" ಎಂದ. ಕಳ್ಳತನದ ಕರೆಂಟು ಅವನಿಗೆ ಗೊತ್ತು, ಅವನ ಮೇಲಿನವರಿಗೂ ಗೊತ್ತು. ಬೆಟ್ಟಯ್ಯನ ಅಂಗಡಿಯ ಕುರ್ಚಿಗಳ ಮೇಲೆ ಕೂತು ಟೀ ಕುಡಿಯುವವರೇ ಅವರೆಲ್ಲ. ನನಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು. ಉಗುಳು ನುಂಗಿ, ನಮಸ್ಕಾರ ಮಾಡಿ ಬಂದೆ.

ನೀನು ಬರೆದದ್ದು ಅರ್ಧ ನಿಜ. ಬೀಡಿ ಸೇದುತ್ತ ಆಡಿಕೊಂಡವರಿದ್ದಾರೆ. ಬೆಟ್ಟಯ್ಯ ದಾರಿಯಲ್ಲಿ ನಿಲ್ಲಿಸಿ, "ನಿನ್ ತಮ್ಮ ಕರೆಂಟ್ ಆಪೀಸ್ನಾಗಿದ್ದು ಏನ್ ಕಿಸ್ದಾ ಕಣಮ್ಮಿ? ಈ ಬೀದಿಗೆ ಬೆಳ್ಕು ಕೊಟ್ಟೋನು ನಾನು" ಎಂದ. ಆದರೆ ಹೆಂಗಸರು ಒಬ್ಬರೂ ಹಿಂದೆ ಸರಿಯಲಿಲ್ಲ. ಎಲ್ಲರಿಗಿಂತ ಮೊದಲು ಸಹಿ ಹಾಕಿದವಳು ರಾಚಯ್ಯನ ಹೆಂಡತಿ ಭಾಗ್ಯ. ಸಹಿ ಹಾಕಿ, "ಅಕ್ಕಾ, ಮೀಟ್ರು ಬಂದ್ರೆ ನಮ್ ಪುಟ್ಟಿ ಬಾಗ್ಲ ಒದ್ಕಂಡು ಒಳೀಕ್ ಬರ್ಬೋದಾ?" ಎಂದು ಕೇಳಿ ನಕ್ಕಳು. ಪುಟ್ಟಿ ಅವಳ ಮಗಳು, ನನ್ನ ಅಂಗನವಾಡಿಯ ಮಹಾ ಪುಂಡಿ. ಒದಿಯಲಿ ಬುಡು ಎಂದೆ.

ಕೊನೆಗೆ ನಿಮ್ಮ ಇಲಾಖೆಯಲ್ಲೂ ಒಬ್ಬ ಮನುಷ್ಯ ಸಿಕ್ಕಿದ. ಹೊಸದಾಗಿ ಬಂದ ಇಂಜಿನಿಯರ್. ಬೀದಿಗೆ ಬಂದು, ತಗಡುಗಳನ್ನು ನೋಡಿ, ಮುಖ ಕಿವಿಚಿ, ಪುರಸಭೆಯ ದೃಢೀಕರಣ ನಾನೇ ತರಿಸಿಕೊಂಡು ಈ ತಿಂಗಳೊಳಗೆ ಜನ ಕಳಿಸುತ್ತೇನೆ ಎಂದ. ಅವನು ಮುಖ ಕಿವಿಚಿದ್ದು ನನಗೆ ಸಮಾಧಾನವಾಯಿತು. ನೋಡಿದವರಿಗೆ ಅಸಹ್ಯವಾಗಬೇಕಾದ ಜಾಗವೇ ಇದು. ಅಸಹ್ಯಪಟ್ಟುಕೊಂಡು ಸುಮ್ಮನೆ ಊರು ಬಿಡುವವರ ಜೊತೆ ಮಾತ್ರ ನನ್ನ ಜಗಳ.

ಚಿಕ್ಕಮಲ್ಲಮ್ಮ


ಗುಂಡ್ಲುಪೇಟೆ
19 ಮೇ 2025

ರವಿ,

ನಿನ್ನೆ ಸಂಜೆ ಭಾಗ್ಯ ಹೋದಳು.

ಮಧ್ಯಾಹ್ನ ಜೋರು ಮಳೆ ಹೊಡೆದು ನಿಂತಿತ್ತು. ನಲ್ಲಿಯಲ್ಲಿ ನೀರು ಬಂತೆಂದು ಎಲ್ಲರೂ ಬಿಂದಿಗೆ ಹಿಡಿದು ಓಡಿದೆವು. ಎರಡು ಕೈಯಲ್ಲೂ ಬಿಂದಿಗೆ ಹೊತ್ತು ಬಂದಳು. ಕೈ ಮಗುಚಿ ಮುಟ್ಟಲು ಕೈ ಎಲ್ಲಿತ್ತು? ಭುಜದಿಂದ ಬಾಗಿಲು ತಳ್ಳಿದಳು. ಹೊಸಿಲ ಮೇಲೇ ಬಿದ್ದಳು. ನಾವು ಒಣಕೋಲಿನಿಂದ ಎಳೆಯುವಷ್ಟರಲ್ಲಿ ಮುಗಿದಿತ್ತು.

ಎಲ್ಲರಿಗಿಂತ ಮೊದಲು ಬಂದವನು ಬೆಟ್ಟಯ್ಯ. ಹೆಣದ ಕಡೆ ನೋಡಲಿಲ್ಲ, ಸೀದಾ ಹಿಂದಕ್ಕೆ ಹೋಗಿ ವೈರು ಬಿಚ್ಚಿ ಸುತ್ತಿಕೊಂಡ. ಆಮೇಲೆ ಮುಂದೆ ಬಂದು ತಲೆ ಮೇಲೆ ಕೈಹೊತ್ತು ಅತ್ತ. ಕತ್ತಲಾಗುವ ಮೊದಲು ಅವನ ಶಾಮಿಯಾನವೂ ಬಂತು, ಕುರ್ಚಿಯೂ ಬಂತು. ಬಂದವರೆಲ್ಲ ಆ ಕುರ್ಚಿಗಳ ಮೇಲೆ ಕೂತು, ಪಾಪ, ಹಾರ್ಟು ವೀಕಿತ್ತೇನೋ ಎಂದರು. ಸಾಯಂಕಾಲದವರೆಗೆ ಬಿಂದಿಗೆ ಹೊತ್ತವಳ ಹಾರ್ಟು.

ಥೂ.

ಅಕ್ಕ


ಚಾಮರಾಜನಗರ
24 ಮೇ 2025

ಅಕ್ಕ,

ಕಾಗದ ಓದಿದೆ. ಭಾಗ್ಯ ಮದುವೆಯಾಗಿ ಬಂದ ಹೊಸದರಲ್ಲಿ ಅವಳನ್ನು ನೋಡಿದ ನೆನಪು. ರಾಚಯ್ಯನಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ನೀನು ಪೊಲೀಸ್ ಕಂಪ್ಲೇಂಟು ಎಂದು ಹೊರಡುವವಳು, ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಕೊಕ್ಕೆ ಹಾಕಿದ ವೈರು ಸಿಕ್ಕಿಲ್ಲ. ಅಕ್ರಮ ಸಂಪರ್ಕ ಇದ್ದದ್ದು ರಾಚಯ್ಯನ ಮನೆಯಲ್ಲಿ. ಕೇಸಾದರೆ ಕರೆಂಟ್ ಕದ್ದವನು ಎಂದು ಮೊದಲು ಬರೆದುಕೊಳ್ಳುವುದು ಅವನ ಹೆಸರನ್ನೇ. ಪರಿಹಾರದ ಮಾತಂತೂ ಇಲ್ಲವೇ ಇಲ್ಲ. ಇದನ್ನು ನಾನು ಬೆಟ್ಟಯ್ಯನ ಪರವಾಗಿ ಬರೆಯುತ್ತಿಲ್ಲ. ಇರುವುದು ಹಾಗೆ.

ನಮ್ಮ ಮನೆಯ ಬಾಗಿಲಿಗೆ ಒಂದು ಮರದ ಹಿಡಿ ಹಾಕಿಸು. ಒಣಗಿದ ಮರ ಇರಲಿ, ಮೊಳೆ ತಗಡಿಗೆ ತಾಗಬಾರದು. ಅವ್ವ ಮಳೆಯಲ್ಲಿ ಹೊರಗೆ ಓಡಾಡದಿರಲಿ.

ಇಲ್ಲಿ ಅರ್ತಿಂಗ್ ಇದೆ, ಎಲ್ಲ ಇದೆ. ಆದರೂ ನಾನು ಫ್ರಿಜ್ಜಿನ ಬಾಗಿಲನ್ನು ಕೈ ಮಗುಚಿ ಮುಟ್ಟದೆ ತೆಗೆದವನಲ್ಲ. ಬೀರು, ಗೇಟು, ಆಫೀಸಿನ ಕಬ್ಬಿಣದ ಕಪಾಟು, ಎಲ್ಲ ಹಾಗೇ. ಅದು ಯಾಕೆ ಎಂದು ಅನು ಒಂದು ಸಲ ಕೇಳಿದಳು. ಸುಮ್ಮನೆ ಅಭ್ಯಾಸ ಎಂದೆ.

ರವಿ


ಗುಂಡ್ಲುಪೇಟೆ
2 ಜೂನ್ 2025

ರವಿ,

ತಿಥಿ ಮುಗಿಯಿತು. ಈಗ ಬರೆಯುವುದನ್ನು ಕೂತು ಓದು, ಟಪಾಲಿನವನು ನಕ್ಕರೆ ನಗಲಿ.

ಸತ್ತವರು ಪ್ರಾಣ ಬಿಟ್ಟ ಜಾಗದಲ್ಲಿ ತಿಥಿಯವರೆಗೆ ದೀಪ ಆರಬಾರದು. ನಿನಗೂ ಗೊತ್ತು, ಅಪ್ಪನಿಗೂ ಇಟ್ಟಿದ್ದೆವು. ಭಾಗ್ಯ ಬಿದ್ದದ್ದು ಹೊಸಿಲ ಮೇಲೆ. ಅಲ್ಲಿಟ್ಟ ಎಣ್ಣೆ ದೀಪ ಮಳೆಗಾಳಿಗೆ ಮತ್ತೆ ಮತ್ತೆ ಆರಿತು. ಹೆಂಗಸರು ಹೆದರಿದರು. ಆಗ ನಮ್ಮ ಬೀದಿಯ ಹಿರಿಯ ಸಿದ್ದಯ್ಯ ತಾತ, ಗಾಳಿಗೆ ಆರದ ದೀಪ ಇಡಿ ಎಂದ. ಯಾವುದು ಗೊತ್ತಾ? ಝೀರೋ ಬಲ್ಬು. ಕರೆಂಟು ಯಾರದು? ಬೆಟ್ಟಯ್ಯನದೇ. ಸುತ್ತಿಕೊಂಡು ಹೋಗಿದ್ದ ಅದೇ ವೈರನ್ನು ತಂದು, ಅದೇ ಕಂಬಕ್ಕೆ ಕೊಕ್ಕೆ ಹಾಕಿ, "ಪುಣ್ಯದ ಕೆಲ್ಸ, ತಿಥಿ ಗಂಟ ನಂಗೇನೂ ಬ್ಯಾಡ" ಎಂದ. ಅವಳನ್ನು ಕೊಂದ ವೈರಿನಲ್ಲಿ ಅವಳಿಗೇ ದೀಪ. ನಾನು ನೋಡುತ್ತ ನಿಂತಿದ್ದೆ. ಹಿತ್ತಿಲಿಗೆ ಹೋಗಿ ಕಾರಿಕೊಂಡೆ.

ಆ ಬಲ್ಬು ಉರಿಯುತ್ತಿದ್ದಾಗಲೇ ಮೀಟರಿನವರು ಬಂದರು. ಗಾಡಿ ತುಂಬ ಮೀಟರು, ವೈರು, ಪೈಪು. ನಾನು ತಿಂಗಳುಗಟ್ಟಲೆ ಕಾಲು ಸವೆಸಿದ್ದು ಅದೇ ಗಾಡಿಗೆ. ಆ ಇಂಜಿನಿಯರ್ ರಜೆಯಲ್ಲಿದ್ದನಂತೆ, ಬಂದದ್ದು ಬೇರೆಯವರು. ಕಂಬದಿಂದ ಹಳೆಯ ಕೊಕ್ಕೆಗಳನ್ನೆಲ್ಲ ತೆಗೆಯದೆ ಹೊಸ ಲೈನು ಎಳೆಯುವ ಹಾಗಿಲ್ಲ ಎಂದರು. ಸರಿಯಾದ ಮಾತೇ. ಆದರೆ ಕೊಕ್ಕೆ ತೆಗೆದರೆ ಬಲ್ಬು ಆರುತ್ತದೆ.

ರಾಚಯ್ಯ ಹೋಗಿ ಕಂಬ ತಬ್ಬಿಕೊಂಡ. "ದೀಪ ಕಿತ್ರೆ ನನ್ನೆಂಡ್ತಿ ಕತ್ಲಲ್ಲಿ ಓಯ್ತಾಳೆ ಸ್ವಾಮಿ, ನನ್ನ ಕಿತ್ತಾಕಿ ಬೇಕಾರೆ" ಎಂದ. ನಾನು ಹೇಳಿದೆ, ಇನ್ನೊಂದು ಎಣ್ಣೆ ದೀಪ ಇಡೋಣ, ಅಡ್ಡಕ್ಕೆ ತಗಡು ಕಟ್ಟೋಣ, ಆಮೇಲೆ ಇದನ್ನು ತೆಗೆಸೋಣ ಎಂದು. ಅದಕ್ಕೆ ಸಿದ್ದಯ್ಯ ತಾತ, "ಎಣ್ಣೆ ದೀಪ ಆಗಿದ್ರೆ ಒಂದು ಬತ್ತಿಯಿಂದ ಇನ್ನೊಂದಕ್ಕೆ ಅಚ್ಕೋಬೋದಿತ್ತು ಕಣವ್ವ. ಬಲ್ಬಿಂದ ಬತ್ತಿ ಎಂಗ್ ಅಚ್ಚೀಯೆ?" ಎಂದು ಕೇಳಿದ. ಇಡೀ ಬೀದಿ ಕೈಕಟ್ಟಿಕೊಂಡು ನಿಂತಿತು. ಭಾಗ್ಯಳ ಜೊತೆ ಸಹಿ ಹಾಕಿದ ಹೆಂಗಸರೂ ನಿಂತರು. ನಮ್ಮವ್ವ ಆ ಬಲ್ಬಿನ ಮುಂದೆ ಕೂತವಳು ಏಳಲೇ ಇಲ್ಲ.

ಇದರ ನಡುವೆ ಎರಡು ಸಲ ಕರೆಂಟ್ ಹೋಗಿ ಬಂತು. ಬಲ್ಬೂ ಆರಿ ಹತ್ತಿತು. ಅದೇನು ಎಂದು ಕೇಳಿದೆ. ತಾನಾಗಿ ಹೋದರೆ ದೋಷ ಇಲ್ಲವಂತೆ, ಮನುಷ್ಯ ತೆಗೆದರೆ ದೋಷವಂತೆ.

ಮೀಟರಿನವರು ಒಂದು ಗಂಟೆ ಕಾದರು. ಫೋಟೋ ಹೊಡೆದುಕೊಂಡರು. "ನಿವಾಸಿಗಳು ನಿರಾಕರಿಸಿರುತ್ತಾರೆ" ಎಂದು ಬರೆದುಕೊಂಡು, ಗಾಡಿ ತಿರುಗಿಸಿಕೊಂಡು ಹೋದರು. ಬೆಟ್ಟಯ್ಯ ಅವರಿಗೆ ಟೀ ಕೊಡಿಸಿದ.

ನನಗೆ ನಮ್ಮ ಜನದ ಮೇಲೂ ಹೇಸಿಗೆಯಾಯಿತು, ಸುಳ್ಳೇಕೆ ಹೇಳಲಿ. ಸತ್ತಾಗ ವೈರು ಎಲ್ಲಿ ಹೋಯಿತೆಂದು ಒಬ್ಬರೂ ಕೇಳಲಿಲ್ಲ, ಸತ್ತ ಮೇಲೆ ವೈರಿಗೆ ಕಾವಲು ನಿಂತರು. ಆದರೆ ರಾಚಯ್ಯ ಕಂಬ ತಬ್ಬಿಕೊಂಡದ್ದನ್ನು ನೋಡಿದವಳು ನಾನು. ಅದು ನಿರಾಕರಣೆ ಅಲ್ಲ. ಅದಕ್ಕೆ ನಿಮ್ಮ ಆಫೀಸಿನ ಭಾಷೆಯಲ್ಲಿ ಏನನ್ನುತ್ತಾರೋ ನೀನೇ ಹುಡುಕು.

ತಿಥಿಯ ದಿನ ದೀಪ ತೆಗೆಯಬೇಕಲ್ಲ, ಆ ಬೆತ್ತಲೆ ವೈರನ್ನು ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಬೆಟ್ಟಯ್ಯನೇ ಬಂದು ಕೋಲಿನಿಂದ ಎಳೆದ. ಆಮೇಲೆ ಮೊದಲ ಪಂಕ್ತಿಯಲ್ಲಿ ಕೂತು ಉಂಡ. ಮೊನ್ನೆಯಿಂದ ವಾರದ ವಸೂಲಿ ಮತ್ತೆ ಶುರುವಾಗಿದೆ.

ಪುಟ್ಟಿ ಈಗ ಎಲ್ಲವನ್ನೂ ಕೈ ಮಗುಚಿ ಮುಟ್ಟುತ್ತಾಳೆ. ತಟ್ಟೆ, ಚಾಪೆ, ಬೆಕ್ಕಿನ ಮರಿ. ನಿನ್ನೆ ಎತ್ತಿಕೊಂಡರೆ ನನ್ನ ಕೆನ್ನೆಯನ್ನೂ ಹಾಗೇ ಮುಟ್ಟಿ ನೋಡಿದಳು.

ಆ ಮೀಟರಿನವರ ವರದಿ ನಿಮ್ಮ ಆಫೀಸಿಗೆ ಬರುತ್ತದಂತೆ. ಅಲ್ಲಿ ಮುಚ್ಚಿದರೆ ಈ ಬೀದಿಯ ಕಥೆ ಮುಗಿಯಿತು. ಇದರ ಜೊತೆಗೆ ಆಫೀಸಿನ ಹೆಸರಿಗೇ ಬೇರೆ ಅರ್ಜಿ ಇಟ್ಟಿದ್ದೇನೆ. ಅದನ್ನು ಟಪಾಲಿನವನು ಒಡೆಯಲಿ, ಅದಕ್ಕೆ ಮೋಹರು ಬೀಳಲಿ, ನಂಬರು ಬೀಳಲಿ. ನಂಬರು ಬಿದ್ದ ಕಾಗದಕ್ಕೆ ಯಾರಾದರೂ ಉತ್ತರ ಬರೆಯಲೇಬೇಕಲ್ಲ. ಅವ್ವನ ಮಗನಾಗಿ ಅಲ್ಲದಿದ್ದರೆ ಗುಮಾಸ್ತನಾಗಿಯಾದರೂ ಬರೆ.

ಅಕ್ಕ


ಚಾಮರಾಜನಗರ
16 ಜೂನ್ 2025

ಅಕ್ಕ,

ವರದಿ ನನ್ನ ಮೇಜಿಗೇ ಬಂತು. ನಿರಾಕರಣೆ ಎಂದರೆ ಕಡತ ಮುಚ್ಚಬಹುದು, ಎಲ್ಲರೂ ಹಾಗೇ ಮಾಡುವುದು. ಸಾಹೇಬರೂ ಮುಚ್ಚಿ ಎಂದರು. ಅಷ್ಟರಲ್ಲಿ ನಿನ್ನ ಅರ್ಜಿ ಮೋಹರು ಹೊಡೆಸಿಕೊಂಡು ಒಳಗೆ ಬಂತು. ಸಾಹೇಬರು ಓದಿ, "ಯಾರ್ರೀ ಈ ಚಿಕ್ಕಮಲ್ಲಮ್ಮ, ನಿಮಗೆ ಗೊತ್ತಾ?" ಎಂದು ಕೇಳಿದರು.

ಯಾರೋ ಒಬ್ಬ ಅಂಗನವಾಡಿ ಟೀಚರಂತೆ ಸಾರ್ ಎಂದೆ.

ಬೈಯುವುದಾದರೆ ಬೈದುಬಿಡು. ಸಾಹೇಬರು ನನ್ನ ಮಾವನ ಸ್ನೇಹಿತರು, ಗೃಹಪ್ರವೇಶಕ್ಕೂ ಬಂದಿದ್ದವರು. ನಿನ್ನ ಮಾತು ಬಿದ್ದಾಗ ಅವರು ಊಟಕ್ಕೆ ಕೂತಿದ್ದರು, ನನ್ನ ಪುಣ್ಯ. ಅವತ್ತು ಮಾವನವರಿಗೆ, ನನ್ನ ಅಕ್ಕನಿಗೆ ತಲೆ ಸ್ವಲ್ಪ ಸರಿಯಿಲ್ಲ ಎಂದು ಹೇಳಿ ತೇಪೆ ಹಾಕಿದ್ದೇನೆ. ಈಗ ಒಂದು ಕಡೆ ಬಿಚ್ಚಿದರೆ ಎಲ್ಲ ಬಿಚ್ಚುತ್ತದೆ.

ಆದರೆ ಕಡತ ಮುಚ್ಚಲಿಲ್ಲ. "ಸ್ಥಳೀಯ ವಿಚಾರಣೆಯಿಂದ ತಿಳಿದುಬಂದಂತೆ, ಸದರಿ ದಿನದಂದು ಬೀದಿಯಲ್ಲಿ ಸೂತಕವಿದ್ದು, ನಿವಾಸಿಗಳು ಸಂಪರ್ಕವನ್ನು ನಿರಾಕರಿಸಿರುವುದಿಲ್ಲ, ಮುಂದೂಡಲು ಮಾತ್ರ ಕೋರಿರುತ್ತಾರೆ" ಎಂದು ಟಿಪ್ಪಣಿ ಬರೆದೆ. ನನ್ನ ನೌಕರಿಯಲ್ಲಿ ನಾನು ಕೈಯಾರೆ ಬರೆದ ಒಂದೇ ಒಂದು ನಿಜವಾದ ವಾಕ್ಯ ಇದೇ ಇರಬೇಕು. ಸಾಹೇಬರು ಓದಿ, ವಿಚಾರಣೆ ಯಾವಾಗ ಮಾಡಿದಿರಿ ಎನ್ನಲಿಲ್ಲ. ಸಹಿ ಹಾಕಿದರು.

ಮುಂದಿನ ತಿಂಗಳು ಮೀಟರು ಬರುತ್ತದೆ. ಈ ಸಲ ಸಾಹೇಬರೇ ಖುದ್ದು ಬರುತ್ತಾರೆ. ವಿವರ ಬರೆದುಕೊಳ್ಳಲು ನನ್ನನ್ನೂ ಕರೆದಿದ್ದಾರೆ. ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ.

ಅವ್ವನಿಗೆ ಸ್ವಲ್ಪ ಹೇಳಿರು. ನಾನು ಒಬ್ಬನೇ ಬರುತ್ತಿಲ್ಲ. ನಿನಗೆ ಅರ್ಥವಾಗುತ್ತದೆ.

ರವಿ


ಗುಂಡ್ಲುಪೇಟೆ
14 ಜುಲೈ 2025

ರವಿಕುಮಾರನವರಿಗೆ,

ಮೀಟರ್ ಹಾಕಿದ್ದಕ್ಕೆ ಬೀದಿಯ ಪರವಾಗಿ ವಂದನೆ. ಕೊಕ್ಕೆಗಳೆಲ್ಲ ಹೋದವು. ಮೊನ್ನೆ ಮಳೆ ಬಂದಾಗ ಹೆಂಗಸರೆಲ್ಲ ಹೊರಗೆ ನಿಂತು ಒದ್ದೆ ತಗಡಿನ ಮೇಲೆ ಅಂಗೈ ಇಟ್ಟು ನೋಡಿದೆವು. ಏನೂ ಆಗಲಿಲ್ಲ. ಎದುರು ಮನೆಯ ಸೋಮಮ್ಮ ಚಿಕ್ಕ ಹುಡುಗಿಯ ಹಾಗೆ ಮನೆಯ ಸುತ್ತ ತಗಡು ಸವರಿಕೊಂಡು ಬಂದು, ಕೊನೆಗೆ ಭಾಗ್ಯಳ ಹೊಸಿಲ ಹತ್ತಿರ ಕೂತು ಅತ್ತಳು. ಈ ಕೆಲಸ ನಿನ್ನ ಒಂದು ಟಿಪ್ಪಣಿಯಿಂದ ಆಯಿತು. ಅದನ್ನು ನಾನು ಎಲ್ಲರ ಮುಂದೆ ಹೇಳುತ್ತೇನೆ, ಹೇಳಿದ್ದೇನೆ.

ಇನ್ನು ಉಳಿದದ್ದು.

ಆವತ್ತು ಬೆಟ್ಟಯ್ಯನ ಶಾಮಿಯಾನವೇ ಹಾಕಿಸಿದ್ದರು. ಭಾಗ್ಯಳ ಹೆಣದ ಸುತ್ತ ಹಾಕಿದ್ದ ಅದೇ ಕೆಂಪು ಕುರ್ಚಿಗಳಲ್ಲಿ ನಿಮ್ಮ ಸಾಹೇಬರು ಕೂತರು. ಬೆಟ್ಟಯ್ಯ ಅವರಿಗೆ ಹಾರ ಹಾಕಿದ. ಬೀದಿಗೆ ಬೆಳಕು ತರಲು ಸಹಕರಿಸಿದವನೆಂದು ಅವರೂ ಅವನಿಗೆ ಶಾಲು ಹೊದಿಸಿದರು. ರಾಚಯ್ಯ ದೂರದಲ್ಲಿ ಮಗಳನ್ನು ಎತ್ತಿಕೊಂಡು ನಿಂತಿದ್ದ, ಚಪ್ಪಾಳೆ ಹೊಡೆಯಲಿಲ್ಲ. ನೀನು ಹೊಡೆದೆ.

ಆಮೇಲೆ ಮನೆ ಮನೆಗೆ ಬಂದಿರಿ. ಬಿಳೀ ಷರಟು, ಕೊರಳಲ್ಲಿ ಗುರುತಿನ ಚೀಟಿ. ನಮ್ಮ ಮನೆಯ ಮುಂದೆ ಬಂದಾಗ ನಿನ್ನ ಕೈ ತಾನಾಗಿ ಮಗುಚಿಕೊಂಡು ಬಾಗಿಲಿಗೆ ಹೋಯಿತು. ಸಾಹೇಬರಿಗೆ ಅದೇನೆಂದು ತಿಳಿಯಲಿಲ್ಲ. ಬೀದಿಗೆಲ್ಲ ತಿಳಿಯಿತು. ಹೊರಗಿನವರು ಯಾರೂ ಹಾಗೆ ಬಾಗಿಲು ಮುಟ್ಟುವುದಿಲ್ಲ.

ಅವ್ವ ಒಳಗಿನಿಂದ ಬಂದಳು. ನೀನು ಬರುತ್ತೀಯೆಂಬುದು ಬಿಟ್ಟರೆ ನಾನು ಅವಳಿಗೆ ಬೇರೇನೂ ಹೇಳಿರಲಿಲ್ಲ. ಹೇಳಿರು ಎಂದು ನೀನು ಬರೆದಿದ್ದೆ, ಹೇಳಲು ನನಗೆ ನಾಲಿಗೆ ಬರಲಿಲ್ಲ. ಬೆಳಿಗ್ಗೆಯಿಂದ ಒಗೆದ ಸೀರೆ ಉಟ್ಟು ಕಾದಿದ್ದಳು. ನೀನು ಹಾಳೆ ನೋಡುತ್ತ ಕೇಳಿದೆ: "ನಿಮ್ಮ ಹೆಸರೇನಮ್ಮ?"

ಅವ್ವ ನಿನ್ನನ್ನು ನೋಡಿದಳು. ಸಾಹೇಬರನ್ನು ನೋಡಿದಳು. ಸೆರಗನ್ನು ತಲೆ ಮೇಲೆ ಎಳೆದುಕೊಂಡು, "ದೊಡ್ಡಮಲ್ಲಮ್ಮ ಅಂತ ಕಣ ಸ್ವಾಮಿ" ಎಂದಳು. ಯಾರೂ ಹೇಳಿಕೊಡದೆ ಅರ್ಥ ಮಾಡಿಕೊಂಡಳು. ನನಗೆ ಮೈ ಉರಿದು ಹೋಯಿತು.

"ಗಂಡನ ಹೆಸರು?" ಎಂದರು ನಿಮ್ಮ ಸಾಹೇಬರು. ಅವ್ವ ಸತ್ತರೂ ಗಂಡನ ಹೆಸರು ಬಾಯಲ್ಲಿ ಹೇಳುವವಳಲ್ಲ. ಮಕ್ಕಳು ಹೇಳಬೇಕು. ಅವಳು ನನ್ನ ಕಡೆ ತಿರುಗಿದಳು. ನಾನು ಬೇಕೆಂದೇ ಬಾಯಿ ಬಿಡಲಿಲ್ಲ. "ಹೇಳಮ್ಮ, ಹೊತ್ತಾಗ್ತದೆ" ಎಂದರು ಸಾಹೇಬರು. ಸಿದ್ದಯ್ಯ ತಾತನಿಗೆ ಗೊತ್ತಿತ್ತು, ಅವನೂ ಹೇಳಲಿಲ್ಲ. ನೀನು ಹಾಳೆಯಿಂದ ತಲೆ ಎತ್ತದೆ, ಯಾರೂ ಹೇಳದ ಹೆಸರನ್ನು ಬರೆದುಕೊಂಡು ಮುಂದಿನ ಮನೆಗೆ ಹೋದೆ.

ಆ ಹೆಸರನ್ನು ಒಂದು ಸಲ ಹೊಡೆದುಹಾಕಿ ಮತ್ತೆ ಬರೆದೆ, ನೋಡಿದೆ. ಅದಕ್ಕೆ ಕರಗುವಷ್ಟು ಒಳ್ಳೆಯವಳಲ್ಲ ನಾನು. ಗುಂಡಿಯಲ್ಲಿ ಕೊಳೆಯುವ ಈರುಳ್ಳಿಯ ಪಕ್ಕದಲ್ಲೇ ಉಂಡು ಮಲಗಿ ಬೆಳೆದವಳು, ನನಗೆ ಯಾವ ವಾಸನೆಗೂ ಮೂಗು ಮುಚ್ಚಿ ಅಭ್ಯಾಸವಿಲ್ಲ. ಆವತ್ತು ಮುಚ್ಚಿಕೊಂಡೆ.

ಅವ್ವನನ್ನು ಬೈದೆ, ಸ್ವಾಮಿ ಎಂದೆಯಲ್ಲ, ಹೆತ್ತವಳಲ್ಲವೇ ನೀನು ಎಂದೆ. "ಅವ್ನ್ ಸಂಸಾರ ಚೆಂದಾಗಿರ್ಲಿ ಬುಡು. ನೋಡ್ದೆನಲ್ಲ, ಮೈ ಕೈ ತುಂಬ್ಕಂಡವ್ನೆ" ಎಂದಳು. ಅಷ್ಟೇ. ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ.

ಆದರೆ ನಮ್ಮ ಮನೆಯಲ್ಲಿ ಇನ್ನೂ ದೀಪ ಹತ್ತಿಲ್ಲ. ಮೀಟರಿದೆ, ವೈರಿದೆ, ಹೊಸ ಬಲ್ಬಿದೆ. ಬೀದಿಯಲ್ಲೆಲ್ಲ ಬೆಳಕು, ಬೆಟ್ಟಯ್ಯನಿಗೆ ಕೈ ಚಾಚುವ ಕೆಲಸವಿಲ್ಲ. ನಾನು ಸ್ವಿಚ್ಚಿಗೆ ಕೈ ಹಾಕಿದರೆ ಅವ್ವ ಕೈ ಹಿಡಿದು ನಿಲ್ಲಿಸುತ್ತಾಳೆ. "ಯಾರೋ ಆಪೀಸ್ನೋರು ಬಂದು ವೈರ್ ಆಕ್ಬುಟ್ಟು ಓದ್ರು. ಮೊದ್ಲು ದೀಪ ಅಚ್ಚಕ್ಕೆ ಮನೆ ಮಗ ಬರ್ಬೇಕು. ಬತ್ತಾನೆ ಇರು" ಎನ್ನುತ್ತಾಳೆ. ಎಣ್ಣೆ ಬುಡ್ಡಿ ಹಚ್ಚಿಕೊಂಡು ಕೂರುತ್ತಾಳೆ. ಅವಳ ಜೊತೆ ನಾನೂ ಕೂರುತ್ತೇನೆ, ಇನ್ನೇನು ಮಾಡಲಿ.

ಸ್ವಿಚ್ಚು ಬಾಗಿಲಿನ ಬಲಗಡೆಗಿದೆ. ಬಾಗಿಲು ಈಗ ಕಚ್ಚುವುದಿಲ್ಲ. ಅಂಗೈಯಲ್ಲೇ ತಳ್ಳಬಹುದು.

ಇಂತಿ,
ಯಾರೋ ಒಬ್ಬ ಅಂಗನವಾಡಿ ಟೀಚರ್